ಪಕ್ಕದವರು ಹೇಳಿದ ದೂರ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದವರ ಹಾಗೆ ಬೀಗುವುದು ಬೇಡ. ಏಳು ವರ್ಷದವಳಿದ್ದಾಗ ಅಕ್ಕನ ಜಡೆ ನನ್ನದಕ್ಕಿಂತ ಉದ್ದ ಎಂದು ಕತ್ತರಿ ಹುಡುಕಿದವಳು ನಾನು. ಮದುವೆಯಾದ ಮೇಲೆ ಆ ಉರಿಯೆಲ್ಲ ಒಂದೇ ಕಡೆ ತಿರುಗಿತು. ಇವರು, ಅಂದರೆ ನನ್ನ ಗಂಡ, ಕಿವಿ ಮಂದವಾದವರ ಯಂತ್ರಗಳನ್ನು ರಿಪೇರಿ ಮಾಡುತ್ತಾರೆ. ಗಿರಾಕಿಯ ಕಿವಿಯ ಹತ್ತಿರ ಬಗ್ಗಿ, "ಈಗ ಕೇಳಿಸ್ತಾ? ಈಗ?" ಎಂದು ಮೆಲ್ಲಗೆ ಕೇಳುವುದೇ ಇವರ ಉದ್ಯೋಗ. ಎಂಬತ್ತು ದಾಟಿದ ಅಜ್ಜಿಯ ಕಿವಿಗೆ ಬಗ್ಗಿದರೂ ನನಗೆ ಒಂದು ಸಲ ಚುರ್ ಎನ್ನುತ್ತದೆ. ಹದಿನಾಲ್ಕು ವರ್ಷದ ಸಂಸಾರದಲ್ಲಿ ನನ್ನ ಕಿವಿಯ ಹತ್ತಿರ ಎಷ್ಟು ಸಲ ಬಗ್ಗಿದ್ದಾರೆ ಎಂಬುದು ನನಗೆ ಗೊತ್ತಿದೆ. ಹೇಳುವುದಿಲ್ಲ.

ನಾನು ಕೆಲಸ ಮಾಡುವುದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಸೂಜಿ, ಸೀಸೆ ಮುಟ್ಟುವವಳಲ್ಲ, ಅಲ್ಲಿನ ನೆಟ್‌ವರ್ಕ್ ನನ್ನ ಹೊಣೆ. ಊರಿನ ಉದ್ದಕ್ಕೂ ನಮ್ಮ ಏಳು ಕೇಂದ್ರಗಳಿವೆ. ಒಂದನೆಯದು ಮುಖ್ಯ ಲ್ಯಾಬ್, ಉಳಿದವು ರಕ್ತ ತೆಗೆದುಕೊಳ್ಳುವ ಜಾಗಗಳು. ಪ್ರತಿ ಕೇಂದ್ರದ ತಾರಸಿಯ ಮೇಲೆ ಒಂದು ಕಂಬ, ಕಂಬಕ್ಕೆ ಒಂದು ಆಂಟೆನಾ ತಟ್ಟೆ, ಕೆಳಗೆ ಕೋಣೆಯಲ್ಲಿ ಒಂದು ರೂಟರ್ ಪೆಟ್ಟಿಗೆ. ಒಂದರ ತಟ್ಟೆ ಎರಡಕ್ಕೆ ಕಾಣಬೇಕು, ಎರಡರದು ಮೂರಕ್ಕೆ, ಹೀಗೆ ಏಳರವರೆಗೆ. ರೋಗಿಯ ವಿವರ ಏಳರಿಂದ ಹೊರಟು ತಾರಸಿಯಿಂದ ತಾರಸಿಗೆ ಹಾರಿ ಒಂದಕ್ಕೆ ಬರುತ್ತದೆ, ವರದಿ ಅದೇ ದಾರಿಯಲ್ಲಿ ವಾಪಸ್ಸು ಹೋಗುತ್ತದೆ.

ಪೆಟ್ಟಿಗೆಗಳು ಹಳೆಯವು, ಅವುಗಳ ಪದ್ಧತಿ ಇನ್ನೂ ಹಳೆಯದು. ಯಾವ ಪೆಟ್ಟಿಗೆಗೂ ಇಡೀ ಊರಿನ ನಕ್ಷೆ ಗೊತ್ತಿಲ್ಲ. ಗೊತ್ತಿರುವುದು ಅಕ್ಕಪಕ್ಕದವರು ಮಾತ್ರ. ಅರ್ಧ ನಿಮಿಷಕ್ಕೊಮ್ಮೆ ಪ್ರತಿಯೊಂದೂ ಪಕ್ಕದವರಿಗೆ ತನ್ನ ಪಟ್ಟಿ ಒಪ್ಪಿಸುತ್ತದೆ: ನನ್ನಿಂದ ಏಳಕ್ಕೆ ಇಷ್ಟು ಹೆಜ್ಜೆ, ನನ್ನಿಂದ ಒಂದಕ್ಕೆ ಇಷ್ಟು. ಒಂದು ಪೆಟ್ಟಿಗೆಯಿಂದ ಪಕ್ಕದ ಪೆಟ್ಟಿಗೆಗೆ ಒಂದು ಹೆಜ್ಜೆ. ಕೇಳಿದ ಪೆಟ್ಟಿಗೆ ಆ ಲೆಕ್ಕಕ್ಕೆ ಒಂದು ಹೆಜ್ಜೆ ಕೂಡಿಸಿ ತನ್ನ ಪಟ್ಟಿಗೆ ಬರೆದುಕೊಳ್ಳುತ್ತದೆ. ಯಾರು ಕಡಿಮೆ ದೂರ ಹೇಳಿದರೋ ಅವರ ಕೈಗೆ ಸಾಮಾನು ಕೊಟ್ಟು ಸುಮ್ಮನಾಗುತ್ತದೆ. ಕೊನೆಯವರೆಗೆ ಹೋಗಿ ನೋಡಿ ಬಂದವರು ಯಾರೂ ಇಲ್ಲ, ಎಲ್ಲವೂ ಅಂತೆಕಂತೆ. ಆದರೂ ಒಂಬತ್ತು ವರ್ಷ ಈ ಅಂತೆಕಂತೆಯ ಮೇಲೆಯೇ ಊರಿನ ಸಕ್ಕರೆ, ಉಪ್ಪು, ಕೊಬ್ಬೆಲ್ಲ ಸರಿಯಾದ ಮನೆಗೆ ತಲುಪಿದೆ.

ಇದರಲ್ಲಿ ಒಂದು ರೋಗವಿದೆ. ಆರಕ್ಕೂ ಏಳಕ್ಕೂ ನಡುವೆ ಸಂಪರ್ಕ ಕಡಿಯಿತು ಎನ್ನಿ. ಆರು ಆ ಸುದ್ದಿಯನ್ನು ಬಾಯಿಬಿಡುವ ಮೊದಲೇ ಐದು ತನ್ನ ಪಾಠ ಒಪ್ಪಿಸುತ್ತದೆ, "ಏಳಕ್ಕೆ ನನ್ನಿಂದ ಎರಡೇ ಹೆಜ್ಜೆ." ಆ ಎರಡು ಹೆಜ್ಜೆ ಆರರ ಮೂಲಕವೇ ಇಡಬೇಕಾದದ್ದು ಎಂದು ಅದು ಹೇಳುವುದಿಲ್ಲ. ದೂರ ಹೇಳುವುದು ಮಾತ್ರ ಪದ್ಧತಿ, ದಾರಿ ಹೇಳುವುದು ಪದ್ಧತಿಯಲ್ಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಆರರದು. "ಓಹೋ, ನಿನ್ನ ಹತ್ತಿರ ದಾರಿ ಇದೆಯಾ? ಹಾಗಾದರೆ ನನ್ನಿಂದ ಮೂರು" ಎನ್ನುತ್ತದೆ. "ನಿನಗೆ ಮೂರಾದರೆ ನನಗೆ ನಾಲ್ಕು" ಎನ್ನುತ್ತದೆ ಐದು. ಹೀಗೆ ಇಲ್ಲದ ದಾರಿಯ ದೂರ ಏರುತ್ತಾ ಹೋಗುತ್ತದೆ. ಹದಿನಾರು ಮುಟ್ಟಿದಾಗ ಮಾತ್ರ ನಿಲ್ಲುತ್ತದೆ, ಏಕೆಂದರೆ ಹದಿನಾರು ಎಂದರೆ ದಾರಿಯಿಲ್ಲ ಎಂದು ಮೊದಲೇ ಗೊತ್ತುಮಾಡಿದ್ದಾರೆ.

ಅದಕ್ಕೆ ಮದ್ದೂ ಉಂಟು. ಯಾರಿಂದ ಕೇಳಿದೆಯೋ ಅವರಿಗೇ ತಿರುಗಿ ಹೇಳಬೇಡ, ಅಷ್ಟೇ. ನಾನು ಏಳೂ ಪೆಟ್ಟಿಗೆಗಳಿಗೆ ಈ ನಿಯಮ ಹಾಕಿದ್ದೆ. ಈ ವರ್ಷದ ಮೊದಲಲ್ಲಿ, ಐದು ಕೈಕೊಟ್ಟರೆ ಬದಲಿ ದಾರಿ ಇರಲಿ ಎಂದು ನಾಲ್ಕಕ್ಕೂ ಆರಕ್ಕೂ ನೇರ ಸಂಪರ್ಕ ಕೊಟ್ಟೆ. ನಾಲ್ಕು, ಐದು, ಆರು ಈಗ ಒಂದು ತ್ರಿಕೋನ. ತಿಂಗಳುಗಟ್ಟಲೆ ಅದರಲ್ಲೇ ಮುಳುಗಿದ್ದೆ. ಲ್ಯಾಬಿನ ದೊಡ್ಡ ಡಾಕ್ಟರು ಎಲ್ಲರೆದುರು ಬೆನ್ನು ತಟ್ಟಿದರು, ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಏಳನೇ ಕೇಂದ್ರದಲ್ಲಿ ರಕ್ತ ತೆಗೆಯುವವಳನ್ನು ಎಲ್ಲರೂ ಸೂಜಿ ಎನ್ನುತ್ತಾರೆ. ಅವಳು ಚುಚ್ಚಿದ್ದು ಗೊತ್ತೇ ಆಗುವುದಿಲ್ಲ ಎಂಬುದು ಅವಳ ಖ್ಯಾತಿ. ಬೇರೆ ಕೇಂದ್ರ ಮನೆ ಬಾಗಿಲಲ್ಲೇ ಇದ್ದರೂ ಜನ ಎರಡು ಬಸ್ಸು ಬದಲಿಸಿ ಅವಳ ಹತ್ತಿರ ಹೋಗುತ್ತಾರೆ. ಮೂವತ್ತೈದರ ಆಸುಪಾಸು, ಮದುವೆಯಾಗಿಲ್ಲ. ಕೇಂದ್ರದ ಹಿಂದಿನ ಹಳದಿ ಕಟ್ಟಡದಲ್ಲಿ ಎರಡನೇ ಮಹಡಿಯ ಮನೆ. ನಗು ಚೆನ್ನಾಗಿದೆ ಎಂದು ಹೇಳುತ್ತಾರೆ. ಇರಬಹುದು.

ಒಂದು ಗುರುವಾರ ಮಧ್ಯಾಹ್ನ ಗಾಳಿಗೆ ವಾಲಿದ್ದ ತಟ್ಟೆ ಸರಿಮಾಡಲು ಆರನೇ ಕೇಂದ್ರದ ತಾರಸಿ ಹತ್ತಿದ್ದೆ. ಆರಕ್ಕೆ ಏಳು ಕಾಣಲೇಬೇಕಲ್ಲ, ಅಲ್ಲಿಂದ ಎಲ್ಲವೂ ಅಂಗೈಯಲ್ಲಿಟ್ಟ ಹಾಗೆ ಕಾಣುತ್ತದೆ. ಹಳದಿ ಕಟ್ಟಡದ ಎರಡನೇ ಮಹಡಿಯ ಬಾಗಿಲು ತೆರೆಯಿತು. ಇವರು ಹೊರಗೆ ಬಂದರು. ಹಿಂದೆಯೇ ಸೂಜಿ ಬಂದು ಬಾಗಿಲಿಗೆ ಒರಗಿ ಏನೋ ಹೇಳಿದಳು. ಇಬ್ಬರೂ ನಕ್ಕರು. ನನ್ನ ಕೈಯಲ್ಲಿದ್ದ ಸ್ಪ್ಯಾನರ್ ಕಾಲಿನ ಮೇಲೆ ಬಿತ್ತು, ನೋವು ಗೊತ್ತಾದದ್ದು ಕೆಳಗಿಳಿದ ಮೇಲೆ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ಹಿರಿಯರು. ಒಂದು ಮಾತು ಇವರನ್ನೇ ಕೇಳಿದ್ದರೆ ಆಗುತ್ತಿತ್ತು. ಕೇಳಿದರೆ ನನ್ನ ಹೊಟ್ಟೆಕಿಚ್ಚು ಬಯಲಾಗುತ್ತದೆ ಎಂಬ ಬಿಗುಮಾನ. ಆ ಸಂಜೆ ಸುತ್ತಿ ಬಳಸಿ, "ಮಧ್ಯಾಹ್ನ ಅಂಗಡಿ ಮುಚ್ಚಿತ್ತಾ?" ಎಂದೆ.

"ಗುರುವಾರ ಅಲ್ವಾ," ಎಂದು ಇವರು ಕೈ ತೊಳೆಯಲು ಹೋದರು. ಗುರುವಾರ ಎನ್ನುವುದೇ ಒಂದು ಉತ್ತರ ಎನ್ನುವ ಹಾಗೆ! ನನ್ನ ಮೈಯೆಲ್ಲ ಉರಿಯಿತು.

ಇವರ ತಂಗಿ, ನನ್ನ ನಾದಿನಿ, ಬಸ್ ನಿಲ್ದಾಣದ ಎದುರು ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಐದು ನಿಮಿಷ ಅವಳ ಹತ್ತಿರ ನಿಲ್ಲುವುದು ನನ್ನ ಅಭ್ಯಾಸ. ಮಾರನೆಯ ದಿನ ನಗುತ್ತಲೇ ಹೇಳಿದೆ, "ನಿಮ್ಮಣ್ಣ ನೆನ್ನೆ ಸೂಜಿ ಮನೆಯಿಂದ ಹೊರಗೆ ಬರ್ತಿದ್ರು. ಯಾಕೋ ಏನೋ."

ಅವಳ ಕಾಲು ಪೆಡಲಿನ ಮೇಲೆ ನಿಂತಿತು. "ಅಣ್ಣನಾ? ಛೆ, ಬಿಡಿ ಅತ್ತಿಗೆ."

ಆ 'ಛೆ' ನನಗೆ ಸಾಲಲಿಲ್ಲ. ಆದರೆ ಅವಳ ಮಟ್ಟಿಗೆ ನಾನು ಹುಷಾರಾಗಿದ್ದೆ. ಇನ್ನು ಇವಳು ಈ ವಿಷಯ ನನ್ನ ಹತ್ತಿರ ಎತ್ತಿದರೆ ಅದು ನಾನೇ ಹೇಳಿದ ಮಾತು, ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಮನಸ್ಸಿನಲ್ಲೇ ಗಂಟುಹಾಕಿಕೊಂಡೆ. ವೃತ್ತಿ ಬುದ್ಧಿ.

ಅತ್ತೆ ನಮ್ಮ ಜೊತೆಗಿದ್ದಾರೆ. ಮಧ್ಯಾಹ್ನ ಊಟವಾದ ಮೇಲೆ ಮಗಳ ಅಂಗಡಿಗೆ ಹೋಗಿ ಗುಂಡಿ ಹಾಕಿಕೊಡುತ್ತಾ ಕೂತು ಸಂಜೆ ಬರುತ್ತಾರೆ. ಒಂದು ವಾರ ಕಳೆದಿತ್ತು. ಒಣಗಿದ ಬಟ್ಟೆ ಮಡಿಸುತ್ತಾ ನನ್ನನ್ನು ಹತ್ತಿರ ಕರೆದರು.

"ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡ. ನನ್ನ ಮಗ ಆ ರಕ್ತ ತೆಗೆಯೋಳ ಮನೆಗೆ ಎರಡು ಮೂರು ಸಲ ಹೋಗಿದ್ದಾನಂತೆ. ಸ್ವಲ್ಪ ಗಮನ ಇಟ್ಕೋ."

"ಯಾರು ಹೇಳಿದ್ರು ಅತ್ತೆ?"

"ಯಾರೋ ಹೇಳಿದ್ರು. ಯಾರು ಅಂತ ಹೇಳಿ ನಾನ್ಯಾಕೆ ಕೆಟ್ಟವಳಾಗ್ಲಿ?"

ನನಗೆ ಭೂಮಿ ಬಾಯಿಬಿಟ್ಟ ಹಾಗಾಯಿತು. ಹೆತ್ತ ತಾಯಿ ತನ್ನ ಮಗನ ಮೇಲೆ ಸುಳ್ಳು ಹೇಳುತ್ತಾಳೆಯೇ? ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ? ನಾನು ಕಂಡದ್ದು ಒಂದು ಸಲ, ಅತ್ತೆ ಹೇಳುವುದು ಮೂರು ಸಲ. ಅಂದರೆ ಬೇರೆ ಯಾರೋ ಬೇರೆ ಕಡೆಯಿಂದ ಕಂಡಿದ್ದಾರೆ ಎಂದುಕೊಂಡೆ. ಮಾರನೆಯ ಬೆಳಿಗ್ಗೆ ನಾದಿನಿಗೆ, "ಒಂದು ಸಲ ಅಲ್ಲ, ಮೂರು ಸಲ ಹೋಗಿದ್ದಾರೆ. ನನಗೆ ಗೊತ್ತಾಯ್ತು," ಎಂದೆ. ಅತ್ತೆಯ ಹೆಸರು ಹೇಳಲಿಲ್ಲ. ನಂಬಿ ಹೇಳಿದವರನ್ನು ಬೀದಿಗೆ ಎಳೆಯಬಾರದಲ್ಲ.

ಮುಂದಿನ ವಾರ ಅತ್ತೆಯ ಬಾಯಲ್ಲಿ ಅದು "ವಾರವಾರವೂ ಹೋಗ್ತಾನಂತೆ" ಆಯಿತು. ಒಂದು ಸೋಮವಾರ ಇವರು ಒಂದು ಗಂಟೆ ತಡವಾಗಿ ಬಂದದ್ದನ್ನು ನಾನು ನಾದಿನಿಯ ಕಿವಿಗೆ ಹಾಕಿದೆ. ಅತ್ತೆ ಅದರ ಮುಂದಿನ ವಾರ, "ಈಗ ವಾರಕ್ಕೆ ಎರಡು ಸಲವಂತೆ. ಊಟವೂ ಅಲ್ಲೇ ಆಗತ್ತಂತೆ," ಎಂದರು.

ಊಟ! ಹೋಗಿದ್ದನ್ನಾದರೂ ಸಹಿಸುತ್ತಿದ್ದೆ, ಊಟ ಸಹಿಸಲಾಗಲಿಲ್ಲ. ನನ್ನ ಅಡುಗೆಯಲ್ಲಿ ಪ್ರತಿ ತರಕಾರಿಯನ್ನೂ ತಟ್ಟೆಯ ಅಂಚಿಗೆ ತಳ್ಳುವ ಮನುಷ್ಯ ಅಲ್ಲಿ ಏನು ತಿನ್ನುತ್ತಾರೋ, ಯಾರು ಬಡಿಸುತ್ತಾರೋ, ಬಡಿಸುವಾಗ ಎಷ್ಟು ಬಗ್ಗುತ್ತಾರೋ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಇವರು ಹಸಿವಿಲ್ಲ ಎಂದರೆ ಅಲ್ಲಿ ತಿಂದು ಬಂದಿದ್ದಾರೆ, ಹಸಿವು ಎಂದರೆ ಇವತ್ತು ಜಗಳವಾಗಿರಬೇಕು. ಹೊಸ ಅಂಗಿ ಹಾಕಿದರೆ ಅವಳಿಗಾಗಿ, ಹಳೆಯದು ಹಾಕಿದರೆ ನನಗೆ ಇಷ್ಟು ಸಾಕು ಎಂದು.

ಆ ತಿಂಗಳು ಲ್ಯಾಬಿನ ಸಭೆಗೆ ಸೂಜಿ ಬಂದಿದ್ದಳು. ಮಣಿಕಟ್ಟಿನಲ್ಲಿ ಹೊಸ ಗಡಿಯಾರ. ಮಾರನೆಯ ದಿನ ನಾದಿನಿಗೆ, "ಹೊಸ ಗಡಿಯಾರ ಕಟ್ಕೊಂಡಿದ್ದಳು. ಯಾರು ಕೊಡಿಸಿದ್ರೋ," ಎಂದೆ. ಅಷ್ಟೇ ಎಂದದ್ದು. ನಾಲ್ಕನೇ ದಿನ ಅತ್ತೆ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದರು, "ಗಡಿಯಾರ ಕೊಡಿಸಿದ್ದಾನಂತಲ್ಲೇ ಅವಳಿಗೆ."

ನಾನು ಚೀಲ ತೆಗೆದುಕೊಂಡೆ. ಇವರ ದಿಂಬು, ಎರಡು ಅಂಗಿ, ಹಲ್ಲುಜ್ಜುವ ಬ್ರಷ್ ತುಂಬಿದೆ. ಸಂಜೆ ಇವರು ಮೆಟ್ಟಿಲು ಹತ್ತಿ ಬರುವಾಗ ಬಾಗಿಲಲ್ಲೇ ಇಟ್ಟು ನಿಂತೆ.

"ಹೋಗಿ. ಅಲ್ಲೇ ಇರಿ."

"ಎಲ್ಲಿ?"

"ಊಟ ಹಾಕೋರ ಮನೆಯಲ್ಲಿ. ಗಡಿಯಾರ ಕೊಡ್ಸಿದ್ದೀರಲ್ಲ, ಗಂಟೆ ನೋಡ್ಕೊಂಡು ಬಡಿಸ್ತಾಳೆ."

ಇವರು ನನ್ನನ್ನೂ ಚೀಲವನ್ನೂ ನೋಡಿದರು. "ಯಾರು ಹೇಳಿದ್ರು ನಿನಗೆ?"

"ಊರೆಲ್ಲ ಹೇಳ್ತಿದೆ."

ಚೀಲದ ಬಾಯಿ ಅಗಲಿಸಿ ಒಳಗೆ ನೋಡಿ, "ಪೇಸ್ಟ್ ಹಾಕಿಲ್ಲ," ಎಂದರು. ನಾನು ಅಲುಗಾಡಲಿಲ್ಲ. ಚೀಲ ಎತ್ತಿಕೊಂಡು ಕೆಳಗಿಳಿದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಮಂಚವಿದೆ, ಅಲ್ಲಿ ಮಲಗಿದರಂತೆ. ಈ ಅಂತೆ ಮಾತ್ರ ನಿಜ.

ಮಾರನೆಯ ಬೆಳಿಗ್ಗೆ ಲ್ಯಾಬಿನಲ್ಲಿ ಕೂತಿದ್ದೆ, ಏಳರಿಂದ ಫೋನ್ ಬಂತು.

"ಮೇಡಂ, ಇಲ್ಲಿಂದ ವಿವರ ಹೋಗ್ತಿಲ್ಲ. ಒಂದು ನಿಮಿಷ ಬರತ್ತೆ, ಮತ್ತೆ ಹೋಗತ್ತೆ. ಹನ್ನೊಂದು ಜನ ಕೂತಿದ್ದಾರೆ." ಸೂಜಿಯ ದನಿ ಇಳಿದುಹೋಗಿತ್ತು.

"ನೋಡ್ತೀನಿ," ಎಂದು ಫೋನಿಟ್ಟು ಕೈಕಟ್ಟಿ ಕೂತೆ. ಕಾಯಲಿ. ಚಹಾ ತರಿಸಿಕೊಂಡು ತಳದ ಪುಡಿಯವರೆಗೂ ಕುಡಿದೆ. ಹನ್ನೊಂದು ಜನರ ಮುಂದೆ ಅವಳು ಮುಖ ಸಣ್ಣದು ಮಾಡಿಕೊಂಡು ನಿಂತಿರುವುದನ್ನು ನೆನೆದರೆ ಚಹಾ ಇನ್ನೂ ರುಚಿಯಾಗಿತ್ತು. ಆಮೇಲೆ ಶಾಸ್ತ್ರಕ್ಕೆಂದು ಪರದೆಯ ಮೇಲೆ ಆರನೇ ಪೆಟ್ಟಿಗೆಯ ಪಟ್ಟಿ ತೆರೆದೆ.

ಏಳಕ್ಕೆ ಒಂದು ಹೆಜ್ಜೆ ಎಂದಿತ್ತು, ಸರಿಯಾಗಿಯೇ ಇತ್ತು. ನಾನು ನೋಡುತ್ತಿದ್ದ ಹಾಗೆ ಹದಿನಾರು ಆಯಿತು. ಸಂಪರ್ಕ ಕಡಿಯಿತು ಎಂದರ್ಥ, ಅದೂ ಸರಿಯೇ. ಸ್ವಲ್ಪ ಹೊತ್ತಿಗೆ ಅದೇ ಸಾಲಿನಲ್ಲಿ ನಾಲ್ಕು ಎಂದು ಬಂತು. ಪಕ್ಕದ ಮನೆಗೆ ನಾಲ್ಕು ಹೆಜ್ಜೆಯೇ? ಆಮೇಲೆ ಏಳು. ಆಮೇಲೆ ಹತ್ತು. ನಾನು ಕುರ್ಚಿ ಎಳೆದುಕೊಂಡೆ. ಮದ್ದು ಹಾಕಿದ ಪೆಟ್ಟಿಗೆ ಹೀಗೆ ಎಣಿಸಬಾರದು. ನಾಲ್ಕು, ಐದು, ಆರು ಮೂರನ್ನೂ ತೆರೆದು ನೋಡಿದೆ. ನಿಯಮ ಮೂರರಲ್ಲೂ ಇತ್ತು. ಒಂದೂ ತಪ್ಪಿರಲಿಲ್ಲ.

ಹಾಗಾದರೆ ಏನಾಯಿತು ಎಂದು ಹಿಂದಿನಿಂದ ಎಳೆ ಹಿಡಿದು ಬಂದೆ. ಏಳು ಹೋಯಿತು ಎಂದು ಆರು ಇಬ್ಬರಿಗೂ ಕೂಗಿ ಹೇಳಿದೆ. ಐದು ಕೇಳಿಸಿಕೊಂಡಿದೆ. ನಾಲ್ಕಕ್ಕೆ ಕೂಗು ತಲುಪಿಲ್ಲ, ಗಾಳಿಯಲ್ಲಿ ಹೋಗುವ ಮಾತು ಒಮ್ಮೊಮ್ಮೆ ಕಳೆಯುತ್ತದೆ. ನಾಲ್ಕು ತನ್ನ ಹಳೆಯ ಸುದ್ದಿಯನ್ನು ಆರಕ್ಕೆ ತಿರುಗಿ ಹೇಳಿಲ್ಲ, ನಿಯಮ ಪಾಲಿಸಿದೆ. ಆದರೆ ಐದಕ್ಕೆ ಹೇಳಿದೆ. ಐದು ಅದನ್ನು ನಾಲ್ಕಕ್ಕೆ ತಿರುಗಿ ಹೇಳಿಲ್ಲ, ಆರಕ್ಕೆ ಹೇಳಿದೆ. ತನ್ನದೇ ಹಳೆಯ ಮಾತು ಬೇರೆ ಬಾಗಿಲಿನಿಂದ ಬಂದದ್ದು ಆರಕ್ಕೆ ಗುರುತೇ ಸಿಕ್ಕಿಲ್ಲ. ಓಹೋ ಹೊಸ ದಾರಿ ಎಂದು ಒಂದು ಕೂಡಿಸಿ ನಾಲ್ಕಕ್ಕೆ ಹೇಳಿದೆ. ಮೂರೂ ನಿಯಮ ಪಾಲಿಸಿವೆ, ಮೂರೂ ಸತ್ಯವಂತರು, ಮೂರೂ ಸೇರಿ ಇಲ್ಲದ ದಾರಿಯನ್ನು ಸುತ್ತಿಸುತ್ತಿದ್ದವು. ಯಾರಿಂದ ಕೇಳಿದೆಯೋ ಅವರಿಗೆ ಹೇಳಬೇಡ ಎಂಬುದು ಇಬ್ಬರ ನಡುವೆ ಮಾತ್ರ ನಡೆಯುವ ಮದ್ದು. ಮೂವರು ದುಂಡಗೆ ಕೂತರೆ ಅದು ಕೆಲಸಕ್ಕೆ ಬಾರದು. ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ತ್ರಿಕೋನ ಎಳೆಯುವಾಗ ಬೆನ್ನು ತಟ್ಟಿಸಿಕೊಳ್ಳುವ ಉಮೇದಿನಲ್ಲಿ ಮರೆತಿದ್ದೆ.

ಪರದೆಯ ಮೇಲೆ ಹದಿಮೂರು ಬಂತು. ಆಗ ನನಗೆ ಗಡಿಯಾರ ನೆನಪಾಯಿತು.

ಗಡಿಯಾರದ ಮಾತು ಆಡಿದವಳು ನಾನು. ಆ ಸಭೆಯಲ್ಲಿ ನಮ್ಮ ಮನೆಯವರು ಬೇರೆ ಯಾರೂ ಇರಲಿಲ್ಲ. ಅದನ್ನು ಹೇಳಿದ್ದು ನಾದಿನಿಗೆ, ಅವಳೊಬ್ಬಳಿಗೇ. ಅವಳು ತಿರುಗಿ ಹೇಳಿದರೆ ನಂಬಬಾರದು ಎಂದು ಅಷ್ಟು ಹುಷಾರಾಗಿದ್ದವಳು, ಅದು ಅತ್ತೆಯ ಬಾಯಿಂದ ಬಂದಾಗ ಬಾಗಿಲು ತೆರೆದು ಮಣೆ ಹಾಕಿದ್ದೆ. ಸೋಮವಾರವೂ ನಾನೇ, ಮೂರು ಸಲವೂ ಎರಡು ಬಾಯಿ ದಾಟಿ ಬಂದ ನನ್ನ ಒಂದು ಸಲವೇ. ಪರದೆಯಲ್ಲಿ ಹದಿನಾರು ಬಂದು ಎಣಿಕೆ ನಿಂತಿತು. ನಮ್ಮ ಮನೆಯಲ್ಲಿ ಅದು ನಿಂತದ್ದು ಹಿಂದಿನ ಸಂಜೆ, ದಿಂಬು ತುಂಬಿದ ಚೀಲದಲ್ಲಿ.

ಸೂಜಿಗೆ ಫೋನ್ ಮಾಡಿದೆ. "ಪೆಟ್ಟಿಗೆಯ ಹಿಂದೆ ನೀಲಿ ವೈರ್ ಸಡಿಲ ಇದೆಯಾ ನೋಡಿ."

"ಇದೆ ಮೇಡಂ. ಅಲ್ಲಾಡ್ತಿದೆ."

"ಒತ್ತಿ."

ಆರರ ಪಟ್ಟಿಯಲ್ಲಿ ಮತ್ತೆ ಒಂದು ಎಂದು ಬಂತು. "ಬಂತಾ ಮೇಡಂ?" ಎಂದಳು. ಬಂತು ಎಂದೆ. ಫೋನಿಟ್ಟೆ.

ಆ ಸಂಜೆ ನಾದಿನಿಯನ್ನು ಮನೆಗೆ ಕರೆದೆ. ಇವರ ಅಂಗಡಿಗೆ ಹೋಗಿ, "ಒಂದು ಹತ್ತು ನಿಮಿಷ ಬನ್ನಿ, ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗಿ," ಎಂದು ಕರೆತಂದೆ. ಎಲ್ಲರೂ ಊಟದ ಮೇಜಿನ ಸುತ್ತ ಕೂತರು.

"ಅತ್ತೆ, ಗಡಿಯಾರದ ವಿಷಯ ನಿಮಗೆ ಯಾರು ಹೇಳಿದ್ದು?"

"ಈಗ ಅದೆಲ್ಲ ಯಾಕೆ..."

"ಹೇಳಿ ಅತ್ತೆ."

ಅತ್ತೆ ಮಗಳ ಕಡೆ ನೋಡಿದರು. ಮಗಳು ನನ್ನ ಕಡೆ ಕೈತೋರಿಸಿದಳು. "ಅತ್ತಿಗೇನೇ ಹೇಳಿದ್ದು! ಯಾರು ಕೊಡಿಸಿದ್ರೋ ಅಂದ್ರು. ಇನ್ಯಾರು ಕೊಡಿಸ್ತಾರೆ ಅಂತ ನಾನು ಅಮ್ಮಂಗೆ ಅಂದೆ."

"ಊಟ?"

"ಅದು... ವಾರಕ್ಕೆ ಎರಡು ಸಲ ಹೋದ್ರೆ ಒಂದು ತುತ್ತು ಹಾಕದೆ ಕಳಿಸ್ತಾಳಾ ಅಂತ ಅಮ್ಮ ಅಂದ್ರು."

"ನಾನಂದಿದ್ದಾ? ನೀನಲ್ವೇನೇ ಅಂದಿದ್ದು?"

ತಾಯಿ ಮಗಳು ಆ ಊಟವನ್ನು ಒಬ್ಬರ ತಟ್ಟೆಯಿಂದ ಇನ್ನೊಬ್ಬರ ತಟ್ಟೆಗೆ ಬಡಿಸುತ್ತಿದ್ದಾಗ ಇವರು ಮೊದಲ ಸಲ ಬಾಯಿಬಿಟ್ಟರು. ದನಿ ಏರಿರಲಿಲ್ಲ.

"ನಾನು ಮೊದಲನೇ ಸಲ ಹೋಗೋಕೆ ಮುಂಚೆನೇ ನಿನಗೆ ಹೇಳಿದ್ದೆ. ಸೂಜಿ ಅಪ್ಪನಿಗೆ ಎರಡೂ ಕಿವಿ ಹೋಗಿದೆ, ಮೆಟ್ಟಿಲು ಇಳಿಯೋಕಾಗಲ್ಲ, ಗುರುವಾರ ಗುರುವಾರ ಮನೆಗೇ ಹೋಗಿ ಯಂತ್ರ ಸರಿಮಾಡಿ ಒಂದು ಗಂಟೆ ಮಾತಾಡಿಸಿ ಅಭ್ಯಾಸ ಮಾಡಿಸ್ಬೇಕು ಅಂತ. ನೀನು ಲ್ಯಾಪ್‌ಟಾಪ್ ನೋಡ್ತಾ ಹೂಂ ಅಂದೆ."

ನನಗೆ ನೆನಪಿಲ್ಲ. ಆದರೆ ಹೂಂ ಎಂದಿರುತ್ತೇನೆ, ಆ ತಿಂಗಳೆಲ್ಲ ನಾನು ತ್ರಿಕೋನ ಎಳೆಯುತ್ತಿದ್ದೆ.

"ಇನ್ನು ಹೋಗಲ್ಲ ಬಿಡು," ಎಂದರು. "ಕಳೆದ ವಾರ ಅವಳೇ ಬಾಗಿಲಲ್ಲಿ ನಿಲ್ಲಿಸಿ ಬರಬೇಡಿ ಅಂದಳು. ಕಟ್ಟಡದವರೆಲ್ಲ ಕೇಳ್ತಿದ್ದಾರಂತೆ. ಯಾಕೆ ಅಂತ ನನಗೆ ಆಗ ಗೊತ್ತಾಗ್ಲಿಲ್ಲ."

ನಾದಿನಿ ತಲೆ ತಗ್ಗಿಸಿದಳು. ಆ ಕಟ್ಟಡದ ನಾಲ್ಕು ಮನೆಯವರು ಅವಳ ಗಿರಾಕಿಗಳು.

ನಾನು ತಪ್ಪಾಯಿತು ಎಂದೆ. ಇವರು ಸರಿ ಎಂದರು. ಚೀಲ ವಾಪಸ್ಸು ಬಂತು, ದಿಂಬು ಮಂಚಕ್ಕೆ ಬಂತು. ಇವರ ಮನಸ್ಸು ಮಾತ್ರ ಬರಲಿಲ್ಲ. ಮಾರನೆಯ ದಿನದಿಂದ ಶುರುವಾಯಿತು: "ಅಂಗಡಿಗೆ ಹೋಗ್ತಿದ್ದೀನಿ. ಹನ್ನೊಂದಕ್ಕೆ ಬ್ಯಾಟರಿ ತರೋಕೆ ಹೋಗ್ತೀನಿ, ಅರ್ಧ ಗಂಟೆ. ಏಳು ಗಂಟೆಗೆ ಮನೆ." ಏಳು ಎಂದರೆ ಏಳಕ್ಕೆ ಬಾಗಿಲಲ್ಲಿ. "ಮೂವರು ಗಂಡಸರು, ಇಬ್ಬರು ಹೆಂಗಸರು ಬಂದಿದ್ರು. ಹೆಂಗಸರಿಗೆ ಎಪ್ಪತ್ತರ ಮೇಲೆ." ಇದು ಬಿಟ್ಟರೆ ಬೇರೆ ಮಾತಿಲ್ಲ. ಮೊದಲೆಲ್ಲ ಗಿರಾಕಿಗಳ ಅಣಕ ಮಾಡಿ ತೋರಿಸುತ್ತಿದ್ದವರು, ನನ್ನ ಅಡುಗೆ ಬೈಯುತ್ತಿದ್ದವರು. ಈಗ ತರಕಾರಿಯನ್ನೂ ತಳ್ಳದೆ ತಿನ್ನುತ್ತಿದ್ದರು. ನನ್ನ ಗಂಡ ಎಲ್ಲಿದ್ದಾರೆ ಎಂದು ನಿಮಿಷ ನಿಮಿಷಕ್ಕೂ ಗೊತ್ತಿತ್ತು. ಅವರನ್ನು ತಲುಪುವ ದಾರಿ ಇರಲಿಲ್ಲ. ಈ ಮನುಷ್ಯ ಹೀಗೇ ಮುದುಕರಾಗಿಬಿಟ್ಟರೆ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಮೂರನೇ ವಾರ ನಾನು ಸೂಜಿಯ ಮನೆಗೆ ಹೋದೆ. ಅವಳ ಮೇಲಿನ ಕರುಣೆಯಿಂದ ಹೋದೆ ಎಂದರೆ ಸುಳ್ಳಾಗುತ್ತದೆ. ನನಗೆ ನನ್ನ ಗಂಡ ಬೇಕಿತ್ತು. ಅವಳು ಬಾಗಿಲನ್ನು ಅರ್ಧ ತೆರೆದಳು. ನಾಚಿಕೆಯಿಂದ ಸಾಯುತ್ತಿದ್ದರೂ ನನ್ನ ಕಣ್ಣು ಅವಳ ಭುಜದ ಮೇಲಿನಿಂದ ಒಳಗೆ ಓಡಿತು: ಎಷ್ಟು ಲೋಟ, ಎಷ್ಟು ಕುರ್ಚಿ, ಗಂಡಸಿನ ಚಪ್ಪಲಿ ಯಾರದು. ಕಿಟಕಿಯ ಪಕ್ಕ ಒಬ್ಬ ಮುದುಕರು ಗೋಡೆ ನೋಡುತ್ತಾ ಕೂತಿದ್ದರು.

"ಯಂತ್ರ ಕಿರುಚ್ತಿದೆ ಅಂತ ತೆಗೆದಿಟ್ಟುಬಿಟ್ಟಿದ್ದಾರೆ," ಎಂದಳು ಸೂಜಿ. "ಬೇರೆ ಅಂಗಡಿಯವರನ್ನ ಕರೆಸಿದ್ದೆ, ಮುಟ್ಟೋಕೆ ಬಿಡ್ಲಿಲ್ಲ. ಮೂರು ವಾರದಿಂದ ನನ್ನ ಹತ್ರಾನೂ ಮಾತಿಲ್ಲ."

"ತಪ್ಪು ನಂದು. ಇವರನ್ನ ಕಳಿಸ್ತೀನಿ."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಒಬ್ಬರನ್ನೇ ಬೇಡ. ನೀವೂ ಬನ್ನಿ. ಎಲ್ಲರಿಗೂ ಕಾಣೋ ಹಾಗೆ ಮೆಟ್ಟಿಲು ಹತ್ಕೊಂಡು ಬನ್ನಿ."

ಗುರುವಾರ ಹೋದೆವು. ಇವರು ಮುಂದೆ, ನಾನು ಹಿಂದೆ. ಹಳದಿ ಕಟ್ಟಡದ ಒಂದೊಂದು ಮಹಡಿಯಲ್ಲೂ ಒಂದೊಂದು ಬಾಗಿಲು ಸ್ವಲ್ಪ ತೆರೆದುಕೊಂಡಿತು. ಸೂಜಿಯ ಮನೆಯ ಬಾಗಿಲನ್ನು ಅವಳೇ ಪೂರ್ತಿ ತೆರೆದಿಟ್ಟಳು. ನನಗೆ ಒಂದು ಕುರ್ಚಿ ಕೊಟ್ಟು, ಚಹಾ ಮೊದಲು ನನ್ನ ಕೈಗೇ ಕೊಟ್ಟಳು. ಇವರು ಮುದುಕರ ಪಕ್ಕ ಮಂಡಿಯೂರಿ ಯಂತ್ರ ಬಿಚ್ಚಿ, ಊದಿ, ಒರೆಸಿ, ಏನೋ ತಿರುಗಿಸಿ ಅವರ ಕಿವಿಗೆ ಇಟ್ಟರು.

"ಯಾಕೆ ಇಷ್ಟು ದಿನ ಬರ್ಲಿಲ್ಲ?" ಎಂದರು ಮುದುಕರು. ಕಿವಿ ಕೇಳದವರ ದನಿ, ಗೋಡೆಗೆ ಬಡಿದು ಬಂತು.

ಇವರ ಕೈ ನಿಂತಿತು. ಅಡುಗೆಮನೆಯ ಬಾಗಿಲಲ್ಲಿದ್ದ ಸೂಜಿ ನೆಲ ನೋಡಿದಳು. ಎದುರು ಮನೆಯ ಬಾಗಿಲು ಇನ್ನೊಂದು ಗೇಣು ತೆರೆಯಿತು. "ಸ್ವಲ್ಪ ಕೆಲಸ ಇತ್ತು ತಾತ..." ಎಂದು ಇವರು ಶುರುಮಾಡಿದರು.

ಈ ಮನುಷ್ಯ ನನಗಾಗಿ ಇನ್ನೊಂದು ಸುಳ್ಳು ಸುದ್ದಿ ಹುಟ್ಟಿಸುವುದನ್ನು ನೋಡಲಾಗಲಿಲ್ಲ. ಲೋಟ ಕೆಳಗಿಟ್ಟೆ. ಮುದುಕರ ಕಿವಿಯ ಹತ್ತಿರ ಬಗ್ಗಿ ಇದ್ದಷ್ಟು ದನಿಯಲ್ಲಿ ಕೂಗಿದೆ:

"ನಾನು ಬಿಡ್ಲಿಲ್ಲ ತಾತ! ನನಗೆ ಹೊಟ್ಟೆಕಿಚ್ಚು! ಇವರಿಗೂ ನಿಮ್ಮ ಮಗಳಿಗೂ ಏನೋ ಇದೆ ಅಂತ ಸುದ್ದಿ ಹಬ್ಬಿಸಿದ್ದು ನಾನೇ! ಏನೂ ಇಲ್ಲ! ಏನೂ ಇರ್ಲಿಲ್ಲ!"

ಮುದುಕರು ಮುಖ ಕಿವುಚಿ ಕಿವಿ ಮುಚ್ಚಿಕೊಂಡರು. ಕೆಳಗಿನ ಮಹಡಿಯಲ್ಲಿ ಯಾರೋ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದರು.

"ಮೆಲ್ಲಗೆ," ಎಂದರು ಇವರು. "ಯಂತ್ರ ಸರಿಹೋಗಿದೆ. ಅವರಿಗೆ ಕೇಳಿಸ್ತಿದೆ."

ಮುದುಕರು ನನ್ನನ್ನೇ ನೋಡುತ್ತಾ, "ಅಷ್ಟಕ್ಕೆ ಮೂರು ವಾರ ನನ್ನ ಕಿವಿ ಮುಚ್ಚಿಸಿದ್ಯಾ, ತಾಯಿ?" ಎಂದರು.

ಸೂಜಿ ನಕ್ಕುಬಿಟ್ಟಳು. ತಡೆಯಲು ನೋಡಿದಳು, ಆಗಲಿಲ್ಲ, ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ನಗು ಚೆನ್ನಾಗಿದೆ ಎಂದು ಜನ ಹೇಳುವುದು ಸುಳ್ಳಲ್ಲ. ಇವರು ಮಂಡಿಯೂರಿದ್ದಲ್ಲಿಂದಲೇ ಕತ್ತು ತಿರುಗಿಸಿ ಆ ನಗುವನ್ನು ನೋಡಿದರು. ನೋಡಿದ್ದನ್ನು ನಾನು ನೋಡಿದೆ.

ಮೆಟ್ಟಿಲಿಳಿಯುವಾಗ ಇಷ್ಟನ್ನೂ ನುಂಗಿಕೊಂಡು ಬೆಳಗಾಗುವವರೆಗೆ ಕಾಯುವುದು ನನ್ನಿಂದ ಆಗುತ್ತಿರಲಿಲ್ಲ. ಬೆಳಗಾದರೆ ಬಸ್ ನಿಲ್ದಾಣ ಬರುತ್ತದೆ, ನಾದಿನಿಯ ಅಂಗಡಿ ಬರುತ್ತದೆ. ಮೊದಲ ಮಹಡಿಯ ತಿರುವಿನಲ್ಲಿ ನಿಂತು ಇವರಿಗೇ ಹೇಳಿದೆ.

"ಅವಳು ನಕ್ಕಾಗ ನೀವು ನೋಡಿದ್ರಿ."

ಇವರು ಎರಡು ಮೆಟ್ಟಿಲು ಇಳಿದು ನಿಂತರು.

"ಹೂಂ, ನೋಡಿದೆ."

"ಯಾಕೆ?"

"ಚೆನ್ನಾಗಿ ನಗ್ತಾಳೆ."

ಹೊಟ್ಟೆ ಧಗ್ ಎಂದು ಹೊತ್ತಿಕೊಂಡಿತು. ಕಂಬಿ ಹಿಡಿದುಕೊಂಡೆ. ಸುಳ್ಳು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು. ಆದರೆ ಆ ಮಾತು ಇವರ ಬಾಯಿಂದ ನೇರವಾಗಿ ನನ್ನ ಕಿವಿಗೆ ಬಂದಿತ್ತು. ಮೂರು ವಾರಗಳಲ್ಲಿ ಇವರು ತಮ್ಮ ಮನಸ್ಸಿನಲ್ಲಿದ್ದದ್ದನ್ನು ನನಗೆ ಹೇಳಿದ್ದು ಅದೇ ಮೊದಲು.